ಪದಚರ್ಚೆ: ಎಂಜಿನ್ ‘ತಿರುಗುತ್ತೆ, ಆದ್ರೆ ಸ್ಟಾರ್ಟ್ ಆಗಲ್ಲ’. ಇದಕ್ಕೆ ಏನು ಬರೆಯಲಿ? (ಅರ್ಜೆಂಟ್)

ಮಡಿಕೇರಿಯಿಂದ:

ಎಲ್ಲರಿಗೂ ನಮಸ್ಕಾರ. ಸಂಜೆಯೊಳಗೆ ಉತ್ತರ ಸಿಕ್ಕರೆ ಉಪಕಾರ. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪಿನವರಿಗೆ ಒಂದು ಬೋರ್ಡು ಮಾಡ್ತಿದ್ದೇನೆ. ಬಹುಪಾಲು ಹಳೇ ಮಹೀಂದ್ರ ಡೀಸೆಲ್ ಜೀಪುಗಳು, ಫೋರ್ ವೀಲ್ ಡ್ರೈವ್. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದೆ ನಿಂತರೆ ಡ್ರೈವರ್ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅನ್ನೋದು ವಿಷಯ. ಮೂಲ ಇಂಗ್ಲಿಷಿನಲ್ಲಿದೆ.

ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ಚಾವಿ ತಿರುಗಿಸಿದಾಗ ಎಂಜಿನ್ ಅಲ್ಲಾಡದೇ ಇರೋದು ಒಂದು ತೊಂದರೆ. ಗರಗರ ತಿರುಗಿ, ತಿರುಗಿ, ಹಿಡಿಯದೇ ಇರೋದು ಬೇರೆ ತೊಂದರೆ. ಇಂಗ್ಲಿಷಿನವರು ಒಂದಕ್ಕೆ ಕ್ರ್ಯಾಂಕ್, ಇನ್ನೊಂದಕ್ಕೆ ಸ್ಟಾರ್ಟ್ ಅಂತಾರೆ. ನಾವು ಎರಡಕ್ಕೂ ‘ಸ್ಟಾರ್ಟ್ ಆಗ್ತಿಲ್ಲ’ ಅಂತೇವೆ. ಇಡೀ ಬೋರ್ಡು ಇಲ್ಲಿಂದಲೇ ಎರಡು ದಾರಿಯಾಗುತ್ತೆ. ತಿರುಗದಿದ್ದರೆ ಬ್ಯಾಟರಿ ಕಡೆ ಹೋಗಬೇಕು, ತಿರುಗಿದರೆ ಡೀಸೆಲ್ ಕಡೆ. ಇದು ಗೊತ್ತಾಗದೆ ಸುಮ್ನೆ ಸೆಲ್ಫ್ (ಎಂಜಿನ್ ತಿರುಗಿಸುವ ಮೋಟಾರು) ಹೊಡೆದೂ ಹೊಡೆದೂ ಒಳ್ಳೇ ಬ್ಯಾಟರಿಯನ್ನೂ ಮಲಗಿಸಿಬಿಡ್ತಾರೆ.

ಇನ್ನೊಂದು ಸಣ್ಣ ಪ್ರಶ್ನೆ. ಡೀಸೆಲ್ ಲೈನ್ ‘ಬ್ಲೀಡ್’ ಮಾಡೋದಕ್ಕೆ, ಅಂದರೆ ಅದರೊಳಗೆ ಸೇರಿದ ಗಾಳಿ ಹೊರಬಿಡೋದಕ್ಕೆ ಏನನ್ನಲಿ?

ಮೈಸೂರಿನಿಂದ:

ಪದ ಇದೆ. ಹತ್ತು. ‘ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ.’

ಹಳಗನ್ನಡದ ಪತ್ತು. ತಮಿಳಿನ ಪಟ್ರು ಇದರ ನಂಟ. ಅಂಟು, ಹಿಡಿ, ಬೆಂಕಿ ತಾಗು ಎಲ್ಲವೂ ಅದರಲ್ಲಿವೆ. ಒಲೆ ಹತ್ತಲಿಲ್ಲ ಎನ್ನುವುದಿಲ್ಲವೇ? ಡೀಸೆಲ್ ಎಂಜಿನ್ನಿಗೆ ಇದಕ್ಕಿಂತ ಸರಿಯಾದ ಪದ ಸಿಗುವುದಿಲ್ಲ. ಅದರಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತಾರೆ, ಆ ಬಿಸಿಗೆ ಡೀಸೆಲ್ ತಾನಾಗಿ ಹತ್ತುತ್ತದೆ. ಇಂಗ್ಲಿಷಿನ ಸ್ಟಾರ್ಟ್ ಇದನ್ನು ಹೇಳುವುದೇ ಇಲ್ಲ.

ಸ್ಟಾರ್ಟ್ ಎಂದು ಬರೆಯುವುದು ಬರೀ ಸೋಮಾರಿತನ.

ಸಕಲೇಶಪುರದಿಂದ:

ಜೀಪ್ ಸ್ಟ್ಯಾಂಡಿನಲ್ಲಿ ‘ಜೀಪ್ ಹತ್ತಲ್ಲ’ ಅಂತ ಬೋರ್ಡು ಹಾಕಿ ನೋಡಿ. ಗುಡ್ಡ ಹತ್ತಲ್ಲ ಅಂತ ತಿಳಿದು ಪ್ರವಾಸಿಗರು ಬಾಡಿಗೆಗೇ ಬರಲ್ಲ. ಇನ್ನು ಕೆಲವರು ಹತ್ತು ಸಲ ಸೆಲ್ಫ್ ಹೊಡೀಬೇಕೇನೋ ಅಂದುಕೊಳ್ತಾರೆ.

ಮೈಸೂರಿನಿಂದ:

ಸಂದರ್ಭದಿಂದ ತಿಳಿಯುತ್ತದೆ. ತಿಳಿಯದವರಿಗೆ ‘ಹೊತ್ತು’ ಇದೆ. ಎಂಜಿನ್ ಹೊತ್ತಿಕೊಳ್ಳುವುದಿಲ್ಲ.

ಸಕಲೇಶಪುರದಿಂದ:

ಸರ್, ‘ಎಂಜಿನ್ ಹೊತ್ತಿಕೊಂಡಿತು’ ಅಂದರೆ ನಮ್ಮೂರಲ್ಲಿ ಜನ ಕೊಡ ಹಿಡಿದು ಓಡಿಬರ್ತಾರೆ.

ಧಾರವಾಡದಿಂದ:

ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ? ಚಾಲೂ ಅನ್ನಿ. ಇತ್ತ ಕಡೆ ಪಂಪ್‌ಸೆಟ್ಟಿನಿಂದ ಟ್ರ್ಯಾಕ್ಟರ್ ತನಕ ಎಲ್ಲಾ ಚಾಲೂ ಆಗ್ತಾವು, ಬಂದ್ ಆಗ್ತಾವು. ಎಂಜಿನ್ ತಿರುಗುತ್ತದೆ, ಚಾಲೂ ಆಗಂಗಿಲ್ಲ. ಮುಗೀತು.

ಮೈಸೂರಿನಿಂದ:

ಚಾಲೂ ಹಿಂದಿ. ಇಂಗ್ಲಿಷನ್ನು ಬಾಗಿಲಿಂದ ದೂಡಿ ಹಿಂದಿಯನ್ನು ಕಿಟಕಿಯಿಂದ ಬಿಟ್ಟುಕೊಳ್ಳಬೇಕೇ?

ಧಾರವಾಡದಿಂದ:

ನಮ್ಮ ಕಡೆ ಅದು ಮರಾಠಿ ಒಡನಾಟದಿಂದ ಬಂದದ್ದು, ನಿಮ್ಮ ಸಿಟ್ಟಿನ ಹಿಂದಿ ಬರೋದಕ್ಕೂ ಮುಂಚೆ. ಅದು ಬಿಡಿ. ಕೇಳಿದವರು ಮೊದಲ ಪತ್ರದಲ್ಲೇ ‘ಚಾವಿ’ ಅಂತ ಬರೆದಿದ್ದಾರೆ. ಅದು ಪೋರ್ಚುಗೀಸರದ್ದು. ಅದಕ್ಕೆ ನೀವು ಚಕಾರ ಎತ್ತಲಿಲ್ಲ. ನಾನೂರು ವರ್ಷ ಹಳೇದಾದರೆ ಎರವಲು ಮಡಿ ಆಗುತ್ತೇನು?

ಬೆಂಗಳೂರಿನಿಂದ:

ಚರ್ಚೆಗೆ ಮೊದಲು ಯಾರಾದರೂ ಕಿಟೆಲ್ ಕೋಶ ನೋಡಿದ್ದೀರಾ? ಅಲ್ಲಿ ಇಲ್ಲದಿದ್ದರೆ ಹೊಸ ಪದ ಕಟ್ಟುವ ಮಾತು.

ಸಕಲೇಶಪುರದಿಂದ:

ಕಿಟೆಲ್ ಕೋಶ ಅಚ್ಚಾಗಿದ್ದು 1894ರಲ್ಲಿ. ರುಡಾಲ್ಫ್ ಡೀಸೆಲ್ ಅವರ ಎಂಜಿನ್ ಸರಿಯಾಗಿ ಓಡಿದ್ದು 1897ರಲ್ಲಿ. ಕಿಟೆಲ್ ದೊಡ್ಡವರೇ, ಆದರೆ ಅಷ್ಟು ದೊಡ್ಡವರಲ್ಲ.

ಹಾಸನದಿಂದ:

ವರ್ಕ್‌ಶಾಪಿನಲ್ಲೇ ತಲೆ ಹಣ್ಣಾದವನು ನಾನು. ಪದ ಹುಡುಕುವ ಮೊದಲು ಕೆಲಸ ಹೇಗೆ ನಡೆಯುತ್ತೆ ನೋಡೋಣ. ಅಲ್ಲಿ ಎಲ್ಲದಕ್ಕೂ ಮಾತು ಇದ್ದೇ ಇದೆ.

ಮಡಿಕೇರಿಯವರು ಹೇಳಿದ ಹಾಗೆ ಮೊದಲು ತಿರುಗುತ್ತಾ ಇಲ್ವಾ ನೋಡಬೇಕು. ಶೆಡ್ಡಿನಲ್ಲಿ ಕೇಳೋದು ಹೀಗೆ: ‘ಸೆಲ್ಫ್ ತಗೊಳ್ತಾ?’ ಸೆಲ್ಫ್ ತಗೊಳ್ಳದಿದ್ದರೆ ಹೆಡ್‌ಲೈಟ್ ಹಾಕಿ ಚಾವಿ ತಿರುಗಿಸಿ. ಬೆಳಕು ಪೂರ್ತಿ ಕುಗ್ಗಿ ಟಕಟಕ ಅಂದರೆ ಬ್ಯಾಟರಿ ಇಳಿದಿದೆ, ಇಲ್ಲಾ ಟರ್ಮಿನಲ್ ಸಡಿಲ. ಬೆಳಕು ಹಾಗೇ ಇದ್ದು ಏನೂ ಆಗದಿದ್ದರೆ ಸೆಲ್ಫ್ ಮೋಟಾರು, ಅದರ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್ಚು), ಅಥವಾ ಅದಕ್ಕೆ ಹೋಗುವ ವೈರು. ಮೀಟರ್ ಇದ್ದವರು ಬ್ಯಾಟರಿ ನೋಡಲಿ. ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗೆ ಬಿದ್ದರೆ ಆ ಬ್ಯಾಟರಿ ಕೈಕೊಟ್ಟ ಹಾಗೆ. ಎಂಜಿನ್ನಿನಿಂದ ಚಾಸಿಗೆ ಬರುವ ಅರ್ತ್ ಪಟ್ಟಿಯನ್ನು ಮರೀಬೇಡಿ. ಮಳೆ ಊರಲ್ಲಿ ಅದರ ಬೋಲ್ಟಿನ ಕೆಳಗೆ ತುಕ್ಕು ಕೂತಿರುತ್ತೆ. ಮೇಲಿಂದ ನೋಡಿದರೆ ಚೆನ್ನಾಗೇ ಕಾಣುತ್ತೆ, ಬಿಚ್ಚಿದರೆ ಗೊತ್ತಾಗುತ್ತೆ.

ಚೆನ್ನಾಗಿ ತಿರುಗಿಯೂ ಹಿಡಿಯದಿದ್ದರೆ? ಒಬ್ಬರು ಸೆಲ್ಫ್ ಹೊಡೀಲಿ, ಇನ್ನೊಬ್ಬರು ಹಿಂದೆ ಹೋಗಿ ಸೈಲೆನ್ಸರ್ ನೋಡಲಿ. ಹೊಗೆಯೇ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗ್ತಿದೆ, ಉರೀತಿಲ್ಲ. ಇಷ್ಟನ್ನು ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಹೊಗೆ ಇಲ್ಲದಿದ್ದರೆ ಮೊದಲು ನೋಡಬೇಕಾದ್ದು ಡ್ಯಾಶಿನ ಸ್ಟಾಪ್ ನಾಬ್. ಹಳೇ ಜೀಪು ಆಫ್ ಮಾಡೋದೇ ಅದನ್ನು ಎಳೆದು. ಕೇಬಲ್ ತುಕ್ಕು ಹಿಡಿದಿದ್ದರೆ ನಾಬ್ ಒಳಗೆ ಹೋದ ಹಾಗೆ ಕಾಣುತ್ತೆ, ಅತ್ತ ಡೀಸೆಲ್ ಪಂಪಿನ ಮೇಲಿನ ಲಿವರ್ ಎಳೆದ ಜಾಗದಲ್ಲೇ ನಿಂತಿರುತ್ತೆ. ಬಾನೆಟ್ ಎತ್ತಿ ಆ ಲಿವರನ್ನು ಬೆರಳಲ್ಲಿ ಹಿಂದಕ್ಕೆ ತಳ್ಳಿದರೆ ಮುಗೀತು. ಇದೊಂದನ್ನು ನೋಡದೆ ಪಂಪನ್ನೇ ಬಿಚ್ಚಿಸಿ ದುಡ್ಡು ಕಳೆದುಕೊಂಡವರು ಇದ್ದಾರೆ.

ಆಮೇಲೆ ಏರ್. ಟ್ಯಾಂಕ್ ಖಾಲಿಯಾಗಿದ್ದರೆ, ಫಿಲ್ಟರ್ ಬದಲಿಸಿದ್ದರೆ, ಪೈಪಿನ ವಾಷರ್ ಹಳೇದಾಗಿದ್ದರೆ ಲೈನು ಏರ್ ಎಳ್ಕೊಂಡಿರುತ್ತೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಗುಂಡಿ ಒತ್ತುತ್ತಾ ಹೋಗಬೇಕು. ಮೊದಲು ನೊರೆ ನೊರೆಯಾಗಿ ಬರುತ್ತೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಆಗಲೂ ಆಗದಿದ್ದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಸಲಿನ ಪೈಪ್ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆದು ಅಲ್ಲಿನ ಏರನ್ನೂ ಬಿಡಬೇಕು. ಕೈ ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ. ಅದು ತಮಾಷೆಯಲ್ಲ, ನೇರ ಆಸ್ಪತ್ರೆ ಕೆಲಸ.

ಬಿಳಿ ಹೊಗೆ ಬಂದರೆ ನೋಡಬೇಕಾದ್ದು ಹೀಟರ್ ಪ್ಲಗ್, ತಣ್ಣಗಿರುವ ಎಂಜಿನ್ನಿನ ಒಳಗನ್ನು ಕಾಯಿಸುವಂಥದ್ದು. ಅದನ್ನು ಯಾರೂ ಗ್ಲೋ ಪ್ಲಗ್ ಅನ್ನಲ್ಲ, ಮಡಿಕೇರಿಯವರೂ ಬರೀಬೇಡಿ. ಪ್ಯೂಜೋ ಎಂಜಿನ್ ಇರುವ ಎಂಎಂ 540 ಥರದ ಜೀಪುಗಳಿಗೆ ಚಳಿಯಲ್ಲಿ ಇದು ಬೇಕೇ ಬೇಕು. ಡೀಸೆಲ್ ಮೊದಲು ಪಕ್ಕದ ಪುಟ್ಟ ಕೋಣೆಗೆ ಬಿದ್ದು ಹತ್ತಬೇಕು, ಆ ಕೋಣೆ ತಣ್ಣಗಿರುತ್ತೆ. ಹೆಸರಿನಲ್ಲಿ ಡಿಐ ಅಂತ ಇರುವವು (ಡೀಸೆಲ್ ನೇರ ಸಿಲಿಂಡರಿಗೇ ಬೀಳುವವು) ಇದರಲ್ಲಿ ಹಠ ಕಡಿಮೆ. ಪ್ಲಗ್ಗಿನ ತಂತಿ ಕಳಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಪ್ಲಗ್ಗಿಗೆ ಹಿಡಿಯಿರಿ. ಉರಿಯದಿದ್ದರೆ ಆ ಪ್ಲಗ್ ಹೋಗಿದೆ.

ಹಾಗಾಗಿ ಪದ: ‘ಸೆಲ್ಫ್ ತಗೊಳ್ಳಲ್ಲ’ ಒಂದು, ‘ಸೆಲ್ಫ್ ತಗೊಳ್ಳುತ್ತೆ, ಸ್ಟಾರ್ಟ್ ಆಗಲ್ಲ’ ಇನ್ನೊಂದು. ಯಾವ ಡ್ರೈವರಿಗೂ ಗೊಂದಲ ಇಲ್ಲ.

ಮೈಸೂರಿನಿಂದ:

ತಮ್ಮ ಅನುಭವಕ್ಕೆ ನಮಸ್ಕಾರ. ನೀವೂ ‘ಕೋಣೆಗೆ ಬಿದ್ದು ಹತ್ತಬೇಕು’ ಎಂದೇ ಬರೆದಿರಿ ಎನ್ನುವುದನ್ನು ಎಲ್ಲರೂ ಗಮನಿಸಲಿ.

‘ಬ್ಲೀಡ್’ಗೆ ನನ್ನ ಸಲಹೆ: ಗಾಳಿಗಳೆ. ಗಾಳಿ, ಕಳೆ.

ಸಕಲೇಶಪುರದಿಂದ:

ಕಳೆ ಕೀಳೋದು ಕಾಫಿ ತೋಟದಲ್ಲಿ.

‘ಗಾಳಿ ತೆಗೀರಿ’ ಅಂತಲೂ ಬೇಡ. ಅದನ್ನು ಓದಿದವರು ಟೈರಿನ ಗಾಳಿ ಬಿಡ್ತಾರೆ. ಕೆಸರಲ್ಲಿ ಓಡಿಸೋರು ಅದನ್ನೂ ಮಾಡ್ತಾರಲ್ವಾ? ‘ಡೀಸೆಲ್ ಲೈನಿನ ಏರ್ ತೆಗೆಯಿರಿ’ ಅಂತ ಬರೀರಿ. ಏರ್ ಅಂದರೆ ಇಂಗ್ಲಿಷ್, ಗಾಳಿ ಅಂದರೆ ಕನ್ನಡ ಅಂತ ನೀವು ನೋಡ್ತೀರಿ. ಶೆಡ್ಡಿನವನಿಗೆ ಗಾಳಿ ಟೈರಿನದ್ದು, ಏರ್ ಲೈನಿನದ್ದು. ಎರವಲು ಬಂದು ಇರೋ ಪದವನ್ನು ಕೊಂದಿಲ್ಲ, ಕೆಲಸ ಹಂಚಿಕೊಂಡಿದೆ.

ಬೆಂಗಳೂರಿನಿಂದ:

ಇದೇ ವಾದದಿಂದ ನಾಳೆ ಅನ್ನಕ್ಕೂ ರೈಸ್ ಅನ್ನಿ. ಹೋಟೆಲಿನಲ್ಲಿ ಆಗಲೇ ಆಗಿದೆ. ಎಲ್ಲದಕ್ಕೂ ‘ಜನ ಬಳಸ್ತಾರೆ’ ಅಂದರೆ ಈ ಪದಚರ್ಚೆ ಯಾಕೆ ಬೇಕು?

ಧಾರವಾಡದಿಂದ:

ಅನ್ನ ಸಂಸ್ಕೃತ. ಕೂಳು ಅನ್ನಿ ನೋಡೋಣ, ಮನೆಯಲ್ಲಿ.

ಹಾಸನದಿಂದ:

ಒಂದು ಮಾತು ಹೇಳಿ ಸುಮ್ಮನಾಗ್ತೇನೆ. ‘ಸೆಲ್ಫ್’ ಇಂಗ್ಲಿಷ್ ಅಂತ ಯಾರು ಹೇಳಿದ್ದು? ಅವರ ನಾಡಿನಲ್ಲಿ ಹೋಗಿ ‘ನನ್ನ ಸೆಲ್ಫ್ ಹೋಗಿದೆ’ ಅನ್ನಿ. ಮೆಕ್ಯಾನಿಕ್ ಬರಲ್ಲ, ಮನಸ್ಸಿನ ಡಾಕ್ಟರ್ ಬರ್ತಾರೆ. ಸೆಲ್ಫ್ ಸ್ಟಾರ್ಟರ್‌ನ ಬಾಲ ಕತ್ತರಿಸಿ ತಲೆ ಇಟ್ಟುಕೊಂಡವರು ನಾವು. ಅದು ನಮ್ಮ ಶೆಡ್ಡಿನ ಮಾತು.

ಮಂಗಳೂರಿನಿಂದ:

ಒಂದು ಬಿಟ್ಟುಹೋಗಿದೆ. ಬ್ಯಾಟರಿ ಇಳಿದರೆ ದೂಡಿ ಸ್ಟಾರ್ಟ್ ಮಾಡಬಹುದು ಅಂತ ಹಾಕಿ. ಹಳೇ ಡೀಸೆಲ್ ಪಂಪಿಗೆ ಎಂಜಿನ್ ತಿರುಗಿದರೆ ಸಾಕು, ಪಂಪ್ ತಾನೇ ಓಡುತ್ತದೆ. ಸ್ಟಾಪ್ ನಾಬ್ ಬದಲು ಚಾವಿಯಲ್ಲೇ ಆಫ್ ಆಗುವಂಥದ್ದಾದರೆ ಮಾತ್ರ ಪಂಪಿಗೆ ಡೀಸೆಲ್ ಬಿಡುವ ಸೊಲೆನಾಯ್ಡ್ ತೆರೆಯುವಷ್ಟು ಕರೆಂಟ್ ಬೇಕು. ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ ಅಂತಲೂ ಸೇರಿಸಿ.

ಮಡಿಕೇರಿಯಿಂದ:

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸ್ತಿದ್ದೇನೆ:

‘ಸೆಲ್ಫ್ ತಗೊಳ್ಳಲ್ಲವೇ? ಬ್ಯಾಟರಿ, ಟರ್ಮಿನಲ್, ಅರ್ತ್ ನೋಡಿ. ಸೆಲ್ಫ್ ತಗೊಂಡರೂ ಸ್ಟಾರ್ಟ್ ಆಗಲ್ಲವೇ? ಹೊಗೆ ನೋಡಿ. ಹೊಗೆ ಇಲ್ಲ: ಸ್ಟಾಪ್ ನಾಬ್, ಆಮೇಲೆ ಡೀಸೆಲ್ ಲೈನಿನ ಏರ್. ಬಿಳಿ ಹೊಗೆ: ಹೀಟರ್ ಪ್ಲಗ್. ಒಂದೇ ಸಲಕ್ಕೆ 10–15 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ.’

ಮೈಸೂರಿನಿಂದ:

ಸೆಲ್ಫ್, ಸ್ಟಾರ್ಟ್, ಸ್ಟಾಪ್, ನಾಬ್, ಲೈನ್, ಏರ್, ಹೀಟರ್, ಪ್ಲಗ್. ಕನ್ನಡದ್ದು ಹೊಗೆ ಮಾತ್ರ ಉಳಿಯಿತು.

ಮಡಿಕೇರಿಯಿಂದ:

ಸರ್, ‘ತಗೊಳ್ಳಲ್ಲವೇ’, ‘ನೋಡಿ’, ‘ಹೊಡೆಯಬೇಡಿ’ ಕೂಡ ಇವೆ. ಜೀಪಿನವರು ಮಾಡಬೇಕಾದ್ದೆಲ್ಲಾ ಕನ್ನಡದಲ್ಲೇ ಇದೆ.

ಮಂಗಳೂರಿನವರೇ, ‘ದೂಡಿ’ ಅಂತಲೇ ಹಾಕಿದೆ. ಕಲ್ಲು ಕೊಡೋದನ್ನೂ ಸೇರಿಸಿದೆ. ನಾಳೆ ಎರಡನೇ ಹಾಳೆ, ಲೋ ಗೇರಿನದ್ದು. ಅದಕ್ಕೆ ಬೇರೆ ಪತ್ರ ಬರೀತೇನೆ.