ಅಲ್ಟಿಮೇಟ್ ಫ್ರಿಸ್ಬಿಗೆ ಮೊದಲ ಸಲ ಇಳಿಯುವ ಮುಂಚೆ ಏನೇನು ಗೊತ್ತಿರಬೇಕು?

ಪ್ರಶ್ನೆ: ಆಫೀಸಿನ ಗೆಳೆಯರು ಭಾನುವಾರ ಬೆಳಿಗ್ಗೆ ಅಲ್ಟಿಮೇಟ್ ಆಡುತ್ತಾರೆ, ಈ ಸಲ ನನ್ನನ್ನೂ ಕರೆದಿದ್ದಾರೆ. ಶಾಲೆಯಲ್ಲಿ ಥ್ರೋಬಾಲ್ ಆಡಿದ್ದೇನೆ, ಅಷ್ಟೇ. ನಿಯಮ ಒಂದೂ ಗೊತ್ತಿಲ್ಲ. ರೆಫರಿ ಬೇರೆ ಇರಲ್ವಂತೆ. ಹಾಗಾದ್ರೆ ಜಗಳ ಆಗಲ್ವಾ? ಆಡಿದವರು ದಯವಿಟ್ಟು ಹೇಳಿ.

ಉತ್ತರ 1: ಥ್ರೋಬಾಲ್ ಆಡಿದ್ದೀರಿ ಅಂದ್ರೆ ಅರ್ಧ ಆಟ ಬಂದ ಹಾಗೇ. ಅಲ್ಲಿ ಚೆಂಡು ಹಿಡಿದವರು ಅದನ್ನು ಕೈಯಲ್ಲೇ ಇಟ್ಟುಕೊಂಡು ನಿಲ್ಲುವ ಹಾಗಿಲ್ಲ ಅಲ್ವಾ, ಇಲ್ಲೂ ಅಷ್ಟೇ. ಡಿಸ್ಕ್ (ಫ್ರಿಸ್ಬಿ, ಅಂದ್ರೆ ಎಸೆದು ಆಡುವ ಪ್ಲಾಸ್ಟಿಕ್ ತಟ್ಟೆ) ಕೈಯಲ್ಲಿ ಇರುವವರು ಓಡುವ ಹಾಗಿಲ್ಲ. ಓಡುತ್ತಾ ಹಿಡಿದರೆ ಆದಷ್ಟು ಬೇಗ ನಿಲ್ಲಬೇಕು, ಆಮೇಲೆ ಒಂದು ಕಾಲನ್ನು ನೆಲಕ್ಕೆ ಊರಿಕೊಂಡು, ಅದನ್ನು ಕದಲಿಸದೆ, ಇನ್ನೊಂದು ಕಾಲನ್ನು ಎತ್ತ ಬೇಕಾದರೂ ಇಡಬಹುದು. ಇದಕ್ಕೆ ಪಿವಟ್ ಅಂತಾರೆ. ಊರಿದ ಕಾಲು ಜರುಗಿದರೆ ಎದುರಿನವರು 'ಟ್ರಾವೆಲ್' ಅಂತಾರೆ. ಆಗ ಗಾಬರಿ ಬೇಡ, ಸರಿಯಾದ ಜಾಗಕ್ಕೆ ಕಾಲಿಟ್ಟು ಮತ್ತೆ ಶುರು ಮಾಡಿ.

ಹುಲ್ಲಿನ ಮೈದಾನದಲ್ಲಿ ತಂಡಕ್ಕೆ 7 ಜನ. ಅಂಗಳ 100 ಮೀಟರ್ ಉದ್ದ, 37 ಮೀಟರ್ ಅಗಲ, ಅದರೊಳಗೇ ಎರಡೂ ತುದಿಯಲ್ಲಿ 18 ಮೀಟರಿನ ಎಂಡ್‌ಝೋನ್. ಎದುರಿನವರು ಕಾಯುವ ಎಂಡ್‌ಝೋನಿನೊಳಗೆ ನಿಮ್ಮವರು ಡಿಸ್ಕ್ ಹಿಡಿದರೆ 1 ಪಾಯಿಂಟ್. ದೊಡ್ಡ ಪಂದ್ಯ ಸಾಮಾನ್ಯವಾಗಿ 15 ಪಾಯಿಂಟಿಗೆ. ಭಾನುವಾರದ ಆಟಕ್ಕೆ ಇಷ್ಟು ಅಳತೆ ಯಾರೂ ನೋಡಲ್ಲ, 5 ಜನ ಸಿಕ್ಕರೂ ಆಡುತ್ತಾರೆ, ಗೆರೆಗೆ ಬಾಟಲಿಯನ್ನೋ ಚಪ್ಪಲಿಯನ್ನೋ ಇಟ್ಟುಕೊಳ್ಳುತ್ತಾರೆ.

ಎಸೆದ ಡಿಸ್ಕ್ ನೆಲಕ್ಕೆ ಬಿದ್ದರೆ, ಗೆರೆ ಆಚೆ ಹೋದರೆ, ಎದುರಿನವರು ಹಿಡಿದರೆ ಅಥವಾ ಹೊಡೆದು ಬೀಳಿಸಿದರೆ ಅದು ಅವರದ್ದು. ಇದೇ ಟರ್ನೋವರ್. ಯಾರೂ ಸೀಟಿ ಊದಲ್ಲ, ಆಟ ನಿಲ್ಲಲ್ಲ. ಹೊಸಬರು ಇಲ್ಲೇ ಹಿಂದೆ ಬೀಳುತ್ತಾರೆ. ಡಿಸ್ಕ್ ಬಿತ್ತಲ್ಲಾ ಅಂತ ಬೇಜಾರಲ್ಲಿ ನಿಂತಿರುವಾಗಲೇ ಅವರು ಎರಡು ಪಾಸ್ ಮಾಡಿ ಪಾಯಿಂಟ್ ತಗೊಂಡಿರುತ್ತಾರೆ. ಬಿದ್ದ ಕ್ಷಣವೇ ನಿಮ್ಮ ಎದುರಾಳಿಯ ಹಿಂದೆ ಓಡಿ.

ಎಣಿಕೆ ಇನ್ನೊಂದು ಮುಖ್ಯ ವಿಷಯ. ಡಿಸ್ಕ್ ನಿಮ್ಮ ಕೈಯಲ್ಲಿದ್ದಾಗ ನಿಮ್ಮನ್ನು ತಡೆಯುವ ಎದುರಾಳಿ 3 ಮೀಟರ್ ಒಳಗೆ ನಿಂತು 'ಸ್ಟಾಲಿಂಗ್' ಅಂತ ಹೇಳಿ, ಸೆಕೆಂಡಿಗೆ ಒಂದರಂತೆ ಎಣಿಸುತ್ತಾರೆ. ಹತ್ತು ಅನ್ನೋಕೆ ಶುರು ಮಾಡುವ ಮುಂಚೆ ಡಿಸ್ಕ್ ಕೈಬಿಟ್ಟಿರಬೇಕು. ಅವರು ಮೈಮೇಲೆ ಬಂದು ನಿಲ್ಲುವಂತಿಲ್ಲ, ನಡುವೆ ಕನಿಷ್ಠ ಒಂದು ಡಿಸ್ಕಿನಷ್ಟು ಜಾಗ ಇರಬೇಕು. ಆರೇಳು ಆಗುವಷ್ಟರಲ್ಲಿ ಮುಂದೆ ಯಾರೂ ಸಿಗದಿದ್ದರೆ, ಹಿಂದೆ ಹತ್ತಿರ ನಿಂತವರಿಗೆ ಕೊಟ್ಟುಬಿಡಿ. ಹಿಂದಕ್ಕೆ ಕೊಡೋದು ಸೋಲಲ್ಲ, ಚೆನ್ನಾಗಿ ಆಡುವವರು ಅದನ್ನೇ ಜಾಸ್ತಿ ಮಾಡುತ್ತಾರೆ.

ಉತ್ತರ 2: ಜಗಳದ ಪ್ರಶ್ನೆಗೆ ನಾನು ಹೇಳ್ತೀನಿ. ರೆಫರಿ ಇಲ್ಲ ಅನ್ನೋದೇ ನನಗೆ ಈ ಆಟ ಇಷ್ಟ ಆಗೋಕೆ ಕಾರಣ. ನನ್ನ ಮೊದಲ ಆಟದಲ್ಲಿ ಡಿಸ್ಕ್ ಹಿಡಿಯುವಾಗ ಎದುರಿನವರ ಕೈ ತಗುಲಿ ಬಿದ್ದುಹೋಯಿತು. ಹೊಸಬಳು ಅಂತ ಸುಮ್ನೆ ಇದ್ದೆ. ಕೈ ತಗುಲಿಸಿದ ಹುಡುಗಿಯೇ ಬಂದು, 'ಅಕ್ಕಾ, ಅದು ಫೌಲ್, ನೀವು ಕೂಗಬೇಕಿತ್ತು' ಅಂದಳು. ನಮ್ಮ ಪರವಾಗಿ ಅವಳು ಕೂಗೋ ಹಾಗಿಲ್ಲ, ಫೌಲ್ ಆದವರೇ ಕೂಗಬೇಕು.

ಕ್ರಮ ಹೀಗೆ. 'ಫೌಲ್' ಅಂತ ಕೂಗಿದರೆ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಎದುರಿನವರು ಒಪ್ಪಿದರೆ ಡಿಸ್ಕ್ ನಿಮ್ಮದು, ನೀವು ಹಿಡಿದ ಹಾಗೇ ಲೆಕ್ಕ. ಒಪ್ಪದಿದ್ದರೆ 'ಕಾಂಟೆಸ್ಟ್' ಅಂತಾರೆ, ಇಬ್ಬರೂ ತಮಗೆ ಕಂಡದ್ದನ್ನು ಹೇಳುತ್ತಾರೆ, ಆಗಲೂ ಒಮ್ಮತ ಬರದಿದ್ದರೆ ಡಿಸ್ಕ್ ಎಸೆದವರ ಕೈಗೇ ವಾಪಸ್. ಆ ಎಸೆತ ನಡೆದೇ ಇಲ್ಲ ಅನ್ನೋ ಹಾಗೆ ಆಟ ಮುಂದುವರಿಯುತ್ತದೆ. ಗೆಲ್ಲೋದಕ್ಕೆ ಸುಳ್ಳು ಹೇಳಿದರೂ ಹೆಚ್ಚೇನೂ ಸಿಗಲ್ಲ, ಹಾಗಾಗಿ ಜಗಳ ಬೆಳೆಯೋದು ಕಡಿಮೆ. ಪಂದ್ಯ ಮುಗಿದ ಮೇಲೆ ಎರಡೂ ತಂಡ ಒಂದೇ ವೃತ್ತದಲ್ಲಿ ನಿಂತು ಮಾತಾಡುತ್ತದೆ. ಟೂರ್ನಮೆಂಟುಗಳಲ್ಲಿ ಎದುರಿನ ತಂಡಕ್ಕೆ ಸ್ಪಿರಿಟ್ ಅಂಕವನ್ನೂ (ಎಷ್ಟು ಚೆಂದದ ಮನೋಭಾವದಿಂದ ಆಡಿದರು ಅನ್ನೋದಕ್ಕೆ) ಕೊಡಬೇಕು: ನಿಯಮದ ತಿಳಿವಳಿಕೆ, ಮೈ ತಾಗಿಸದೆ ಆಡೋದು, ನ್ಯಾಯ, ನಡವಳಿಕೆ, ಮಾತುಕತೆ, ಒಂದೊಂದಕ್ಕೂ 0ಯಿಂದ 4ರವರೆಗೆ.

ಉತ್ತರ 3: ಮೇಲಿನವರು ಪುಲ್ ಬಗ್ಗೆ ಹೇಳಿಲ್ಲ. ಪ್ರತಿ ಪಾಯಿಂಟಿನ ಶುರುವಿಗೆ ಎರಡೂ ತಂಡ ತಮ್ಮ ಎಂಡ್‌ಝೋನ್ ಗೆರೆ ಮೇಲೆ ನಿಲ್ಲುತ್ತದೆ, ಹಿಂದಿನ ಪಾಯಿಂಟ್ ಗೆದ್ದವರು ದೂರಕ್ಕೆ ಎಸೆಯುತ್ತಾರೆ. ಅದನ್ನು ಹಿಡಿಯುವ ಧೈರ್ಯ ಇಲ್ಲದಿದ್ದರೆ ಮುಟ್ಟಲೇಬೇಡಿ. ಸುಮ್ನೆ ನೆಲಕ್ಕೆ ಬಿದ್ದರೆ ನೀವು ಎತ್ತಿಕೊಂಡು ಆಡಬಹುದು, ಕೈಗೆ ತಾಗಿ ಬಿದ್ದರೆ ಅವರದ್ದು. ನಾನು ಚೆನ್ನೈನ ಬೆಸೆಂಟ್ ನಗರದ ಬೀಚಿನಲ್ಲಿ ಕಲಿತವನು. ಸಮುದ್ರದ ಗಾಳಿಗೆ ಪುಲ್ ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಜಾರುತ್ತದೆ, ಎಷ್ಟೋ ಪಾಯಿಂಟ್ ಹೀಗೇ ಕಳೆದುಕೊಂಡಿದ್ದೇವೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಭಾನುವಾರದೊಳಗೆ ಒಂದೇ ಒಂದು ಅಭ್ಯಾಸ ಮಾಡೋದಾದರೆ ಯಾವುದು?

ಉತ್ತರ 1: ಹಿಡಿಯೋದು. ಹೊಸಬರೆಲ್ಲ ಎಸೆಯೋದನ್ನೇ ಕಲಿಯುತ್ತಾ ಕೂರುತ್ತಾರೆ. ಡಿಸ್ಕ್ ಎದೆಯ ಎತ್ತರಕ್ಕೆ ಬಂದರೆ ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಚಪ್ಪಾಳೆ ತಟ್ಟುವ ಹಾಗೆ ಮುಚ್ಚಿಬಿಡಿ. ಅಂಗಡಿಯ ಹಗುರ ಆಟಿಕೆಯಲ್ಲಿ ಅಭ್ಯಾಸ ಮಾಡಬೇಡಿ, ಅದು ಗಾಳಿಗೆ ತೇಲುತ್ತದೆ. ಆಟದ ಡಿಸ್ಕ್ 175 ಗ್ರಾಂ ಇರುತ್ತದೆ. ಗೆಳೆಯರ ಹತ್ತಿರ ಒಂದು ಹೆಚ್ಚಿಗೆ ಇದ್ದೇ ಇರುತ್ತದೆ, ಇವತ್ತೇ ಕೇಳಿ ತಗೊಳ್ಳಿ.