ಪದಚರ್ಚೆ: ಆಟದೊಳಗಿನ ‘ಪ್ಯಾರಿ’ಗೆ ಕನ್ನಡದಲ್ಲಿ ಏನು ಬರೆಯೋಣ? ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು

ಟಿಳಕವಾಡಿ, ಬೆಳಗಾವಿ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅದೂ ನಾಳೆ ಸಂಜೆಯೊಳಗೆ.

ನನ್ನ ಸೋದರಮಾವನ ಮಗ ಇಲ್ಲೇ ಗೇಮ್ ಪಾರ್ಲರ್ ತೆರೆಯುತ್ತಿದ್ದಾನೆ. ಟಿವಿಗೆ ಜೋಡಿಸಿ ಆಡುವ ಯಂತ್ರಗಳು: ಮೂರು ಪ್ಲೇಸ್ಟೇಷನ್, ಒಂದು ನಿಂಟೆಂಡೊ ಸ್ವಿಚ್. ಹೊರಗಿನ ಬೋರ್ಡಿನ ಚಿಂತೆ ಮುಗಿದಿದೆ. ಕನ್ನಡ ಕಾಯ್ದೆಯ 2024ರ ತಿದ್ದುಪಡಿಯಿಂದ ಶೇ. 60 ಕನ್ನಡ ಇರಲೇಬೇಕಾದ್ದರಿಂದ ಪೇಂಟರೇ ಟೇಪು ಹಿಡಿದು ಅಳೆದು ಬರೆದುಕೊಟ್ಟ. ಒಳಗಿನದು ನಮ್ಮ ಖುಷಿ. ಆದರೆ ಹುಡುಗನಿಗೆ ಹಟ: ಪ್ರತಿ ಟಿವಿಯ ಪಕ್ಕ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬ ಪಟ್ಟಿ ಕನ್ನಡದಲ್ಲೇ ಇರಬೇಕಂತೆ. ಸನ್‌ಬೋರ್ಡ್ ಮೇಲೆ ಪ್ರಿಂಟು. ಒಂದು ಕ್ರಿಯೆಗೆ ಒಂದೇ ಪದ. ನಾಲ್ಕು ಅಕ್ಷರ ದಾಟಿದರೆ ಸಾಲು ಮುರಿಯುತ್ತದೆ.

ಓಡು, ಜಿಗಿ, ಹೊಡೆ ತಾವಾಗಿ ಬಂದವು. ‘ಹತ್ತು’ ಎಂದು ಬರೆದಿದ್ದೆ, ನೋಡಿದವನೊಬ್ಬ ‘ಹತ್ತು ಸಲ ಒತ್ತಬೇಕೇನ್ರಿ?’ ಎಂದ. ಅದನ್ನು ‘ಏರು’ ಮಾಡಿದೆವು. ಸಿಕ್ಕಿಬಿದ್ದದ್ದು ‘ಪ್ಯಾರಿ’ಯಲ್ಲಿ.

ಆಡದವರಿಗಾಗಿ: ಈ ಕತ್ತಿ ಕಾಳಗದ ಆಟಗಳಲ್ಲಿ ಎದುರಿನವನು ಬೀಸಿದಾಗ ಉಳಿಯಲು ಮೂರು ದಾರಿ. ಗುರಾಣಿಯನ್ನೋ ಕತ್ತಿಯನ್ನೋ ಅಡ್ಡ ಹಿಡಿದು ನಿಲ್ಲುವುದು. ಪಕ್ಕಕ್ಕೆ ಹಾರುವುದು. ಇಲ್ಲವೇ ಅವನ ಕತ್ತಿ ಮೈಗೆ ತಾಗುವ ಆ ಗಳಿಗೆಗೇ ಸರಿಯಾಗಿ ನಮ್ಮ ಕತ್ತಿ ಕೊಟ್ಟು ಆ ಹೊಡೆತವನ್ನು ಕೆಡಿಸುವುದು. ಈ ಮೂರನೆಯದೇ ಪ್ಯಾರಿ. 2011ರ ಡಾರ್ಕ್ ಸೋಲ್ಸ್‌ನಲ್ಲಿ ಇದು ಧೈರ್ಯಸ್ಥರ ಜೂಜು: ಗಳಿಗೆ ತಪ್ಪಿದರೆ ಪೂರ್ತಿ ಏಟು ಮೈಮೇಲೆ. ಹೀಗಾಗಿ ಗುರಾಣಿ ಹಿಡಿದೋ ಉರುಳಾಡಿಯೋ ಆಟ ಮುಗಿಸುವವರೇ ಬಹಳ. ಅದೇ ಕಂಪನಿಯ 2019ರ ಸೆಕಿರೋದಲ್ಲಿ ಹಾಗೆ ನಡೆಯದು. ಅಲ್ಲಿ ಎಲ್1 (ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಎಡ ಮೇಲ್ತುದಿಯ ಗುಂಡಿ) ಒತ್ತಿ ಹಿಡಿದರೆ ಬರೀ ತಡೆ, ಪ್ರತಿ ಏಟಿಗೂ ನಮ್ಮದೇ ನಿಲುವು ಕುಸಿಯುತ್ತ ಬರುತ್ತದೆ. ಗಳಿಗೆ ನೋಡಿ ಒತ್ತಿದರೆ ಕಿಡಿ ಹಾರಿ ಎದುರಿನವನ ನಿಲುವು ಕುಸಿಯುತ್ತದೆ. ಗುಂಡಿ ಒಂದೇ, ಫಲ ತಿರುಗುಮುರುಗು. ಆದ್ದರಿಂದಲೇ ಎರಡಕ್ಕೂ ‘ತಡೆ’ ಎಂದು ಬರೆದರೆ ಪಟ್ಟಿಗೆ ಅರ್ಥವೇ ಇಲ್ಲ. ‘ತಡೆ’ ಮೊದಲನೆಯದಕ್ಕೆ ಹೋಗಿದೆ. ಇನ್ನೊಂದು ಕೊಡಿ.

ವಿಜಯಪುರ:

ಪಡಿಹೊಯ್ಲು. ನಾಲ್ಕೇ ಅಕ್ಷರ, ನಿಮ್ಮ ಸಾಲು ಮುರಿಯುವುದಿಲ್ಲ. ಪಡಿ ಎಂದರೆ ಎದುರು, ಮರು. ಹೊಯ್ಲು ಎಂದರೆ ಹೊಡೆತ. ಪಡಿನುಡಿ, ಪಡಿಯಚ್ಚು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ‘ಹೊಯ್ ಸಳ’ ಎಂಬ ಮಾತಿನ ಮೇಲೆ ಒಂದು ರಾಜಮನೆತನದ ಕತೆಯನ್ನೇ ನಿಲ್ಲಿಸಿದ ನಾಡಿನವರು ಹೊಡೆತಕ್ಕೆ ಪದ ಹುಡುಕಿ ಪರದೇಶಕ್ಕೆ ಹೋಗುವುದು ನಾಚಿಕೆಗೇಡು. ಇನ್ನು ಸ್ವಲ್ಪ ಹೊತ್ತಿಗೆ ಯಾರಾದರೂ ಬಂದು ‘ಪ್ಯಾರಿ ಅಂತಲೇ ಕನ್ನಡ ಲಿಪಿಯಲ್ಲಿ ಬರೆಯಿರಿ’ ಎನ್ನುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ.

ಶಹಾಪುರ, ಬೆಳಗಾವಿ:

ಪ್ಯಾರಿ ಅಂತಲೇ ಕನ್ನಡ ಲಿಪಿಯೊಳಗ ಬರೀರಿ.

ಸರ್, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗರ ಮುಂದ ‘ಹೊಯ್ಲು’ ಅಂದ್ರ ಯಾರೋ ಬಾಯಿ ಬಾಯಿ ಹೊಯ್ಕೊಳ್ಳಾಕತ್ತಾರ ಅಂತ ತಿಳೀತಾರ. ಸೋತ ಮ್ಯಾಲೆ ಮಾಡೂದು ಅದನ್ನ. ಗೆಲ್ಲೂ ಗುಂಡಿಗೆ ಆ ಹೆಸರು ಬ್ಯಾಡ.

ಜಮಖಂಡಿ:

ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ? ಗರಡಿ ಮನ್ಯಾಗ ಇದಕ್ಕ ಮಾತೈತಿ. ಎದುರಿನಾಂವ ಒಂದ್ ಪಟ್ಟ ಹಾಕಿದ್ರ ನಾವು ಮರುಪಟ್ಟ ಹಾಕ್ತೀವಿ. ಗಡಿ ಆಚೆ ಪೈಲ್ವಾನರು ಡಾವ್ ಅಂತಾರ, ಅದನ್ನ ಮುರಿಯೋದಕ್ಕ ತೋಡ ಅಂತಾರ. ಎರಡರಾಗ ಒಂದ್ ತಗೋರಿ. ಮರುಪಟ್ಟು ಅಂತ ಹಾಕಿದ್ರ ನಮ್ಮ ಕಡೆ ಸಣ್ಣ ಹುಡುಗನೂ ಓದಿ ತಿಳ್ಕೊಂತಾನ. ಪಡಿ ಗಿಡಿ ರೇಷನ್ ಅಂಗಡಿಗೆ ಚೊಲೋ.

ಶಹಾಪುರ, ಬೆಳಗಾವಿ:

ಕಾಕಾ, ಮರುಪಟ್ಟು ಚೊಲೋ ಐತಿ, ಆದ್ರ ಅದು ಬ್ಯಾರೆ ಗುಂಡಿಗೆ ಹೊಂದತೈತಿ. ಕುಸ್ತಿಯೊಳಗ ಹಿಡಿತಕ್ಕ ಸಿಕ್ಕ ಮ್ಯಾಲೆ ಬಿಡಿಸ್ಕೊಂಡು ತಿರುಗಿ ಹಾಕೂದು. ಪ್ಯಾರಿಯೊಳಗ ಸಿಗೂದೇ ಇಲ್ಲ, ಸಿಗೂದಕ್ಕಿಂತ ಮೊದಲ ಆಟ ಕೆಡಿಸಬೇಕು. ಸೆಕಿರೋದಾಗ ಮಿಕಿರಿ ಅಂತ ಒಂದೈತಿ: ಎದುರಿನಾಂವ ಈಟಿ ತಿವಿದಾಗ ಹಿಂದ ಸರಿಯೂದ್ ಬಿಟ್ಟು ಮುಂದ ನುಗ್ಗಿ ಆ ಈಟೀನ ಕಾಲಾಗ ತುಳದ್ ಬಿಡೂದು. ಮರುಪಟ್ಟು ಅಂದ್ರ ಅದು, ಖರೇನ. ನೋಡಿದ್ರ ನೀವೂ ಒಪ್ತೀರಿ.

ಇನ್ನೊಂದ್ ಮಾತು. ಅದೇ ಆಟದಾಗ ಎಲ್1ದಿಂದ ಸುಮ್ನ ತಡಿಯಾಕಾಗದ ಹೊಡೆತ ಬರೂ ಮುಂದ ತಲಿ ಮ್ಯಾಲೆ ಕೆಂಪಗ ಒಂದ್ ಜಪಾನಿ ಅಕ್ಷರ ಮೂಡತೈತಿ. ಅಪಾಯ ಅಂತ ಅರ್ಥ. ಇಂಗ್ಲಿಷ್‌ನಾಗ ಆಡಿದ್ರೂ ಅದು ಜಪಾನಿಯೊಳಗ ಇರೂದು. ನಮಗ್ಯಾರಿಗೂ ಓದಾಕ ಬರಂಗಿಲ್ಲ, ಕಂಡ ಕೂಡಲೇ ಬೆರಳು ಎದ್ದಿರತಾವು. ಮಜಾ ಏನಂದ್ರ ಅಕ್ಷರ ಒಂದ, ಹೊಡೆತ ಮೂರು ನಮೂನಿ: ತಿವಿಯೂದು, ಕೆಳಗ ಬೀಸೂದು, ಬಂದು ಹಿಡಿಯೂದು. ಯಾವುದು ಅಂತ ಅಕ್ಷರ ಹೇಳಂಗಿಲ್ಲ, ಎದುರಿನವನ ಹೆಗಲು ನೋಡಿ ತಿಳ್ಕೋಬೇಕು. ನನ್ನ ಕೇಳಿದ್ರ ಆ ಆಟ ಮಾಡಿದವರ ಶಾಣ್ಯಾತನ ಇರೂದೇ ಅಲ್ಲಿ. ಪಟ್ಟಿ ಮ್ಯಾಲೆ ಏನ್ ಬರದ್ರೂ ಅಷ್ಟ, ಕಣ್ಣು ಇರೂದು ಮೈ ಮ್ಯಾಲೆ.

ವಿಜಯಪುರ:

ತಮ್ಮಾ, ನೀನು ನನ್ನ ಪರವಾಗಿಯೇ ಸಾಕ್ಷಿ ಹೇಳಿದಂತಾಯಿತು. ಜಪಾನಿನವರು ಲೋಕಕ್ಕೆಲ್ಲ ಮಾರುವ ಆಟದಲ್ಲೂ ತಮ್ಮ ಅಕ್ಷರ ಬಿಡಲಿಲ್ಲ. ಆಡುವವನೇ ಕಲಿತುಕೊಳ್ಳಲಿ ಎಂದರು, ಲೋಕ ಕಲಿಯಿತು. ನಾವು ಬೆಳಗಾವಿಯ ಒಂದು ಕೋಣೆಯ ಗೋಡೆಯ ಮೇಲೆ ಕನ್ನಡ ಪದ ಬರೆಯಲು ಹುಡುಗರಿಗೆ ತಿಳಿಯುತ್ತದೋ ಇಲ್ಲವೋ ಎಂದು ಅಳುಕುತ್ತೇವೆ. ಮರುಪಟ್ಟು ಕೈ ಕೈ ಹಿಡಿದವರ ಮಾತು, ಆಯುಧಕ್ಕಲ್ಲ. ಪಡಿಹೊಯ್ಲು ಎಂದು ಬರೆಯಿರಿ, ವಾರದಲ್ಲಿ ಕಲಿಯುತ್ತಾರೆ.

ನವನಗರ, ಬಾಗಲಕೋಟೆ:

ವಿಜಯಪುರದವರು ‘ಪಡಿ’ಯನ್ನು ಅಚ್ಚಗನ್ನಡದ ಧ್ವಜದಂತೆ ಹಿಡಿದಿದ್ದಾರೆ. ಅದು ಸಂಸ್ಕೃತದ ‘ಪ್ರತಿ’, ಪ್ರಾಕೃತದ ಹಾದಿಯಲ್ಲಿ ಬಂದು ತದ್ಭವವಾಗಿ ಕೂತಿದೆ. ಕಿಟೆಲ್ ಕೋಶ ತೆರೆದರೆ ಮುಗಿಯಿತು. ಎರವಲು ಬೇಡ ಎಂದವರು ಎರವಲಿನಿಂದಲೇ ಪದ ಕಟ್ಟಿದ್ದಾರೆ.

ಇತ್ತ ಪ್ಯಾರಿ ಇಂಗ್ಲಿಷರದ್ದೂ ಅಲ್ಲ. ಫ್ರೆಂಚರಿಂದ ಬಂದದ್ದು, ಅವರಿಗೆ ಇಟಲಿಯ ‘ಪರಾರೆ’ಯಿಂದ. ಕತ್ತಿವರಸೆ ಕಲಿಸುವ ಗುರು ಎಲ್ಲಿಯವನೋ ಮಾತೂ ಅಲ್ಲಿಯದು. ನಮ್ಮಲ್ಲೂ ಹಾಗೇ ಆಗಿದೆ. ತಾಲೀಮು ಅರಬ್ಬಿ. ಹತಾರ ಉತ್ತರದಿಂದ ಬಂದದ್ದು. 1857ರಲ್ಲಿ ಆಯುಧ ಒಪ್ಪಿಸಲೊಲ್ಲೆವೆಂದು ಇಂಗ್ಲಿಷರ ಮೇಲೆ ಎದ್ದ ಹಲಗಲಿಯ ಬೇಡರು ಇದೇ ನಮ್ಮ ಜಿಲ್ಲೆಯವರು. ಅವರ ಮೇಲೆ ಕಟ್ಟಿದ ಲಾವಣಿಯಲ್ಲಿ ‘ಹತಾರ’ ಎಂದೇ ಇದೆ. ಹಳಗನ್ನಡದ ‘ಕೈದು’ ಹುಡುಕಿಕೊಂಡು ಬಂದು ಆಮೇಲೆ ಹಾಡಲಿಲ್ಲ.

ಕೇಳಿದ ಪ್ರಶ್ನೆಗೆ: ‘ತಿರುಗೇಟು’ ಯಾಕಾಗದು?

ಟಿಳಕವಾಡಿ, ಬೆಳಗಾವಿ:

ಲಾವಣಿ ಆಮೇಲೆ ನೋಡೋಣ, ಪ್ರಿಂಟಿನವರು ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ.

ತಿರುಗೇಟು ನನಗೂ ಮೊದಲು ಹೊಳೆದಿತ್ತು. ಅದರ ತೊಡಕು ಇದು: ಪ್ಯಾರಿ ಆದ ಮೇಲೆ ಎದುರಿನವನು ಒಂದು ಕ್ಷಣ ತೆರೆದುಕೊಂಡು ನಿಲ್ಲುತ್ತಾನೆ, ಆಗ ಕೊಡುವ ಏಟು ಬೇರೆ. ಡಾರ್ಕ್ ಸೋಲ್ಸ್‌ನಲ್ಲಿ ಗುರಾಣಿಯಿಂದ ಕೆಡಿಸುವುದಕ್ಕೆ ಒಂದು ಗುಂಡಿ, ಆಮೇಲೆ ಚುಚ್ಚುವುದಕ್ಕೆ ಇನ್ನೊಂದು. ಆ ಎರಡನೆಯದಕ್ಕೆ ತಿರುಗೇಟು ಹೇಳಿ ಮಾಡಿಸಿದಂತಿದೆ, ಅಲ್ಲಿ ಬಳಸುತ್ತೇನೆ. ಪೇಪರಿನವರು ಅದನ್ನು ಮಂತ್ರಿಗಳ ಬಾಯಿಗೆ ಕಟ್ಟಿಹಾಕಿ ಸವೆಸಿದ್ದಾರೆ, ಇಲ್ಲಿಯಾದರೂ ಒಂದು ಕತ್ತಿ ಸಿಗಲಿ.

ಪದದೊಳಗೆ ಗುರಾಣಿ, ಕತ್ತಿ ಇಂಥದೇನೂ ಬರಬಾರದು ಎಂಬುದೂ ಇದೆ. ಗಾಡ್ ಆಫ್ ವಾರ್ 2018ರದರಲ್ಲಿ ಎಡಗೈಗೆ ಕಟ್ಟಿದ ಗುರಾಣಿ ಬಿಚ್ಚಿಕೊಳ್ಳುತ್ತದೆ, ಸೆಕಿರೋದಲ್ಲಿ ಕತ್ತಿ. ಇನ್ನು ಸ್ವಿಚ್‌ನ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಪಾತ್ರೆಯ ಮುಚ್ಚಳವೂ ಗುರಾಣಿಯೇ. ಆ ಯಂತ್ರರಾಕ್ಷಸ ಬಿಡುವ ಬೆಳಕಿನ ಕಿರಣವನ್ನು ಗಳಿಗೆ ಸರಿಯಾಗಿದ್ದರೆ ಮುಚ್ಚಳದಿಂದಲೇ ಅವನ ಮೇಲೆ ಮರಳಿಸಬಹುದು. ವಸ್ತುವಿನ ಬಲದ ಮೇಲೆ ಏನೂ ನಿಂತಿಲ್ಲ, ಗಳಿಗೆಯ ಮೇಲೆ ನಿಂತಿದೆ. 2017ರಲ್ಲಿ ಬಂದಾಗ ಎಲ್ಲರೂ ಎಲ್ಲೆಂದರಲ್ಲಿ ಏರುವುದನ್ನು ಹೊಗಳಿದರು, ಆಯುಧ ಮುರಿಯುವುದನ್ನು ಬೈದರು. ನನಗೆ ಆ ಆಟ ಹಿಡಿಸಿದ್ದು ಈ ಮುಚ್ಚಳಕ್ಕೆ.

ಈಗ ನನ್ನದೇ ಒಂದು: ‘ತಟ್ಟು’. ಬಂದ ಕತ್ತಿಯನ್ನು ಪಕ್ಕಕ್ಕೆ ತಟ್ಟುವುದು. ಗುಂಡಿಯನ್ನೂ ಹಿಡಿಯದೆ ತಟ್ಟಬೇಕು. ಪಟ್ಟಿಯಲ್ಲಿ ‘ಎಲ್1 ಹಿಡಿ: ತಡೆ. ಎಲ್1 ತಟ್ಟು: ತಟ್ಟು’ ಎಂದಾಗುತ್ತದೆ, ಬೆರಳಿಗೂ ಕತ್ತಿಗೂ ಒಂದೇ ಮಾತು. ಹಾರಿ ತಪ್ಪಿಸಿಕೊಳ್ಳುವುದಕ್ಕೆ ‘ಸರಿ’ ಎಂದು ಬರೆದಿದ್ದೆ, ಎಲ್ಲರೂ ಓಕೆ ಗುಂಡಿ ಎಂದು ಓದಿದರು. ಅಲ್ಲಿ ‘ನುಣುಚು’.

ಇಳಕಲ್ಲ:

ನುಣುಚು ಭಾಳ ಚೆಂದ ಐತ್ರಿ. ತಟ್ಟು ಬಗ್ಗೆ ಒಂದ್ ಮಾತು. ತಟ್ಟೂದು ಕೆಳಗಿನ ಸೀಮಿಯವರ ಮಾತು. ಅವರು ರೊಟ್ಟಿ ತಟ್ತಾರ, ನಾವು ಬಡೀತೀವಿ. ನಮ್ಮಲ್ಲಿ ತಟ್ಟೂದು ಅಂದ್ರ ಕೂಸಿನ ಬೆನ್ನು ತಟ್ಟಿ ಮಲಗಸೂದು. ರಾಕ್ಷಸನ ಕತ್ತಿ ಹಂಗ ತಟ್ಟಿದ್ರ ನಡೀತದೇನ್ರಿ? ‘ಬಡಿ’ ಅನ್ರಿ.

ಶಹಾಪುರ, ಬೆಳಗಾವಿ:

ಅಕ್ಕಾರ, ‘ಬಡಿ’ ಅಂದ್ರ ಎಲ್ಲಾರೂ ಹೊಡಿಯೂ ಗುಂಡಿ ಆರ್1 ಒತ್ತಿ ಬಡ್ಯಾಕ ಶುರು ಮಾಡ್ತಾರ. ಮೊದಲ ಅದೇ ರೋಗ ಎಲ್ಲಾರ್ದೂ. ಮತ್ತ ತಟ್ಟೂದು ಮೆತ್ತಗ ಅಂದ್ರಲ್ಲ, ಹಂಗೇ ಇರಬೇಕು. ಜೋರು ಬ್ಯಾಡ, ಹೊತ್ತು ಬೇಕು.

ವಿಜಯಪುರ:

ಶಾಪ ತಟ್ಟುತ್ತದೆ. ಬಿಸಿ ತಟ್ಟುತ್ತದೆ. ಕನ್ನಡದಲ್ಲಿ ‘ತಟ್ಟಿತು’ ಎಂದರೆ ತಾಗಿತು ಎಂದರ್ಥ. ತಾಗದಂತೆ ಮಾಡುವ ಕ್ರಿಯೆಗೆ ತಾಗುವ ಪದವನ್ನು ಇಡುತ್ತಿದ್ದೀರಿ. ವ್ಯಾಕರಣ ಬಲ್ಲವರು ನಗುತ್ತಾರೆ.

‘ಪಡಿ’ ಬಗ್ಗೆ: ತದ್ಭವ ಎರವಲಲ್ಲ. ಪ್ರಕಾರ ಹೋಗಿ ಪಕಾರವಾಯಿತು, ತಕಾರ ಡಕಾರವಾಯಿತು. ನಮ್ಮ ನಾಲಿಗೆ ಅದನ್ನು ಅರೆದು ಜೀರ್ಣಿಸಿಕೊಂಡಿದೆ. ಪ್ಯಾರಿಯಲ್ಲಿ ಏನು ಅರೆದಿದ್ದೀರಿ? ಕೇಶಿರಾಜ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟದ್ದು ಸುಮ್ಮನೆ ಅಲ್ಲ.

ನವನಗರ, ಬಾಗಲಕೋಟೆ:

ತಟ್ಟು ಅಕರ್ಮಕವಾದಾಗ ತಾಗುವುದು, ಸಕರ್ಮಕವಾದಾಗ ತಟ್ಟುವುದು. ‘ಬಾಗಿಲು ತಟ್ಟು’ ಎಂದಾಗ ಬಾಗಿಲಿಗೆ ಶಾಪ ತಗಲುವುದಿಲ್ಲ. ಇಷ್ಟನ್ನು ಇಲ್ಲಿ ಹೇಳಬೇಕಾಯಿತಲ್ಲ.

ಇನ್ನು ಆ ತಕಾರ ಡಕಾರ ಮಾಡಿದ್ದು ನಮ್ಮ ನಾಲಿಗೆಯಲ್ಲ, ಪ್ರಾಕೃತದವರದು. ಅವರು ಅರೆದದ್ದನ್ನು ನಾವು ನುಂಗಿದೆವು. ಜೀರ್ಣ ಮಾಡಿಕೊಂಡ ಕೀರ್ತಿ ನಮಗೆ ಸಲ್ಲದು.

ಶಹಾಪುರ, ಬೆಳಗಾವಿ:

ಸರ್, ಪ್ಯಾರಿಯೊಳಗ ಏನ್ ಅರದೀರಿ ಅಂದ್ರಿ. ನಾವು ‘ಪ್ಯಾರಿ ಹೊಡಿ’ ಅಂತೀವಿ. ನುಣುಚೂದಕ್ಕ ‘ಡಾಜ್ ಹೊಡಿ’. ‘ಅಂವ ಎರಡ್ ಪ್ಯಾರಿ ಹೊಡದ, ಮೂರನೇದಕ್ಕ ಸತ್ತ’. ಇಂಗ್ಲಿಷ್‌ನಾಗ ಅದೇ ಕ್ರಿಯಾಪದ, ನಮ್ಮ ಬಾಯಾಗ ನಾಮಪದ ಆಗಿ ‘ಹೊಡಿ’ ಹಚ್ಕೊಂಡೈತಿ. ಇದು ಅರದಂಗಲ್ಲೇನು?

ಜಮಖಂಡಿ:

ಹುಡುಗ ಚೊಲೋ ಹೇಳಿದ. ಆದ್ರ ಆ ತುಳಿಯೋ ಗುಂಡಿಗೆ ಮರುಪಟ್ಟು ಅಂತ ಬರೀರಿ ಮತ್ತ, ಬಿಡಬ್ಯಾಡ್ರಿ.

ವಿಜಯಪುರ:

‘ಹೊಡಿ’ ಹಚ್ಚಿದರೆ ಎಲ್ಲವೂ ಕನ್ನಡವಾಗುವುದಾದರೆ ನಿಘಂಟು ಯಾಕೆ ಬೇಕು? ಲೈನ್ ಹೊಡಿ, ಬೋರ್ ಹೊಡಿ, ಎಲ್ಲ ಸೇರಿಸಿ ಮುಗಿಸಿ. ಕ್ರಿಯೆಯನ್ನು ಹೊರಗಿಂದ ತಂದು ಬಾಲ ಮಾತ್ರ ನಮ್ಮದು ಹಚ್ಚುವ ಈ ಸೋಮಾರಿತನದಿಂದಲೇ ಕನ್ನಡದಲ್ಲಿ ಹೊಸ ಧಾತು ಹುಟ್ಟುವುದು ನಿಂತಿದೆ.

ಟಿಳಕವಾಡಿ, ಬೆಳಗಾವಿ:

ಪ್ರಿಂಟಿಗೆ ಕಳಿಸಿದೆ. ತಡೆ, ತಟ್ಟು, ನುಣುಚು, ತಿರುಗೇಟು, ಏರು. ಸೆಕಿರೋ ಇರುವ ಟಿವಿಗೆ ಮಾತ್ರ ಮರುಪಟ್ಟು. ‘ತಟ್ಟು’ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ಯಾರಿ’ ಎಂದೂ ಹಾಕಿಸಿದ್ದೇನೆ, ಹುಡುಗ ಹಟ ಮಾಡಿದ. ಪಡಿಹೊಯ್ಲು ಬಿಟ್ಟದ್ದಕ್ಕೆ ವಿಜಯಪುರದ ಗುರುಗಳು ಕ್ಷಮಿಸಬೇಕು. ಪದ ಚೆನ್ನಾಗಿದೆ, ಆದರೆ ಏಟು ಬರುವಷ್ಟರಲ್ಲಿ ಓದಿ ಮುಗಿಯುವುದಿಲ್ಲ. ಎಲ್ಲರಿಗೂ ಧನ್ಯವಾದ.

ವಿಜಯಪುರ:

ಸಣ್ಣ ಅಕ್ಷರದಲ್ಲಿ ಬಂದದ್ದೇ ನಾಳೆ ದೊಡ್ಡದಾಗುತ್ತದೆ, ಬರೆದಿಟ್ಟುಕೊಳ್ಳಿ. ‘ಪಡಿ’ ಚರ್ಚೆಯನ್ನು ಬಾಗಲಕೋಟೆಯವರು ಬೇರೆ ವಿಷಯವಾಗಿ ತೆರೆಯಲಿ. ತಮಿಳಿನ ‘ಪಡಿ’ಯನ್ನೂ ಮುಂದಿಟ್ಟುಕೊಂಡು ಬರಲಿ, ಬರೀ ಕಿಟೆಲ್ ಸಾಲದು.