ಖಾಲಿ ಲಿಸ್ಟಿಗೆ 'ಆಲ್' ಯಾಕೆ ಟ್ರೂ ಅನ್ನುತ್ತದೆ?

ಸೋಮವಾರಪೇಟೆಯಿಂದ ಪ್ರಶ್ನೆ: ಕಾಫಿ ಕಣದ ಪಕ್ಕ ಮಳೆ ಸೆನ್ಸರ್ ಇಟ್ಟಿದ್ದೇವೆ. 5 ನಿಮಿಷಕ್ಕೊಂದು ರೀಡಿಂಗ್. ಕಳೆದ ಒಂದು ಗಂಟೆಯ ಎಲ್ಲ ರೀಡಿಂಗ್ ಸೊನ್ನೆ ಇದ್ದರೆ 'ಟಾರ್ಪಾಲು ತೆಗೆಯಿರಿ' ಅಂತ ರೈಟರ್ (ತೋಟದ ಮೇಲ್ವಿಚಾರಕ) ಫೋನಿಗೆ ಮೆಸೇಜ್ ಹೋಗಬೇಕು. ಮೊನ್ನೆ ಕರೆಂಟ್ ಹೋಗಿ ಒಂದು ರೀಡಿಂಗೂ ಬಂದಿರಲಿಲ್ಲ. ಹೊರಗೆ ಜೋರು ಮಳೆ. ಆದರೂ ಮೆಸೇಜ್ ಹೋಗಿದೆ! ನೋಡಿದರೆ ಪೈಥಾನ್‌ನ ಆಲ್ (ಲಿಸ್ಟಿನಲ್ಲಿರುವುದೆಲ್ಲ ಷರತ್ತಿಗೆ ಸರಿಯಾ ಅಂತ ನೋಡುವ ಫಂಕ್ಷನ್) ಖಾಲಿ ಲಿಸ್ಟಿಗೂ ಟ್ರೂ ಕೊಡುತ್ತಿದೆ. ಇದು ಬಗ್ಗಾ? ನೀವೆಲ್ಲ ಏನು ಮಾಡುತ್ತೀರಿ?

ಮಡಿಕೇರಿ: ಬಗ್ ಅಲ್ಲ ಮಾರಾಯ್ರೇ. ಆಲ್ ಹುಡುಕುವುದು ಷರತ್ತು ಮುರಿಯುವ ಒಂದೇ ಒಂದು ರೀಡಿಂಗನ್ನು. ಸಿಕ್ಕರೆ ಫಾಲ್ಸ್, ಸಿಗದಿದ್ದರೆ ಟ್ರೂ. 'ನಮ್ಮನೆ ಆನೆಗಳೆಲ್ಲ ಸಾಧು' ಅಂತ ನಾನು ಹೇಳಿದರೆ, ಅದು ಸುಳ್ಳು ಅನ್ನಲು ನೀವು ನಮ್ಮನೆಯದೇ ಒಂದು ಪುಂಡಾನೆ ತೋರಿಸಬೇಕು. ನಮ್ಮನೆಯಲ್ಲಿ ಆನೆಯೇ ಇಲ್ಲವಲ್ಲ!

ಲೆಕ್ಕವೂ ಹಾಗೇ ಕೂಡಿಬರುತ್ತದೆ. ಬೆಳಿಗ್ಗೆಯ ಲಿಸ್ಟಿಗೆ ಒಂದು ಖಾಲಿ ಲಿಸ್ಟ್ ಸೇರಿಸಿದರೆ ಉತ್ತರ ಬದಲಾಗಬಾರದು ಅಲ್ವಾ? ಖಾಲಿಗೆ ಫಾಲ್ಸ್ ಕೊಟ್ಟರೆ ಬದಲಾಗುತ್ತದೆ. ಅದೇ ಕಾರಣಕ್ಕೆ, 'ಒಂದಾದರೂ ಇದೆಯಾ' ಅಂತ ನೋಡುವ ಎನಿ ಖಾಲಿ ಲಿಸ್ಟಿಗೆ ಫಾಲ್ಸ್ ಅನ್ನುತ್ತದೆ.

ಕುಶಾಲನಗರ: ಜಾವಾಸ್ಕ್ರಿಪ್ಟಿನ ಎವೆರಿ, ಜಾವಾದ ಆಲ್‌ಮ್ಯಾಚ್ ಕೂಡ ಹೀಗೇ. ತಲೆ ಕೆಡಿಸುವುದು ಡೇಟಾಬೇಸ್. ಪೋಸ್ಟ್‌ಗ್ರೆಸ್‌ನ ಬೂಲ್_ಆಂಡ್ (ಅಲ್ಲಿ ಆಲ್ ಕೆಲಸ ಮಾಡುವುದು ಇದೇ) ಒಂದು ಸಾಲೂ ಸಿಗದಿದ್ದರೆ ಟ್ರೂನೂ ಅಲ್ಲ, ಫಾಲ್ಸೂ ಅಲ್ಲ, ನಲ್ (ಅಂದರೆ 'ಗೊತ್ತಿಲ್ಲ') ಕೊಡುತ್ತದೆ. ಎಕ್ಸೆಲ್‌ನಲ್ಲಿ ಖಾಲಿ ಸೆಲ್‌ಗಳ ಮೇಲೆ ಆಂಡ್ ಹಾಕಿದರೆ ನೇರ ಎರರ್. ಒಂದು ಕಡೆಯ ಲಾಜಿಕ್ ಇನ್ನೊಂದು ಕಡೆಗೆ ಸುಮ್ನೆ ಎತ್ತಿ ಹಾಕಬೇಡಿ.

ಸೋಮವಾರಪೇಟೆ: ಹಾಗಾದರೆ ಎನಿ ಬಳಸಿ 'ಯಾವುದರಲ್ಲೂ ಮಳೆ ಇಲ್ಲ' ಅಂತ ಉಲ್ಟಾ ಬರೆದರೆ?

ವಿರಾಜಪೇಟೆ: ಅದೂ ಅದೇ. ಎನಿ ಫಾಲ್ಸ್, ಮುಂದೆ ನಾಟ್ ಹಾಕಿದರೆ ಮತ್ತೆ ಟ್ರೂ.

'ಲಿಸ್ಟ್ ಖಾಲಿ ಇಲ್ಲ, ಮತ್ತು ಎಲ್ಲ ಸೊನ್ನೆ' ಅಂತ ಬರೆಯುವುದು ವಾಡಿಕೆ. ಪೈಥಾನ್‌ನಲ್ಲಿ ಖಾಲಿ ಲಿಸ್ಟನ್ನು 'ಇಫ್' ಫಾಲ್ಸ್ ಅಂತಲೇ ನೋಡುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಹಾಗಲ್ಲ, ಲೆಂಗ್ತ್ ನೋಡಬೇಕು. ಆದರೆ ನಿಮ್ಮ ಕೆಲಸಕ್ಕೆ ಇದು ಸಾಲದು. ಒಂದೇ ರೀಡಿಂಗ್ ಬಂದು, ಅದು ಸೊನ್ನೆಯಾಗಿದ್ದರೂ ಪಾಸ್ ಆಗುತ್ತದೆ. ಗಂಟೆಗೆ 12 ಬರಬೇಕಲ್ಲ? 10ಕ್ಕಿಂತ ಕಡಿಮೆ ಬಂದರೆ 'ಮಾಹಿತಿ ಇಲ್ಲ, ಕಣಕ್ಕೆ ಹೋಗಿ ನೋಡಿ' ಅನ್ನುವ ಬೇರೆಯೇ ಮೆಸೇಜ್ ಕಳಿಸಿ. ಕೊನೆಯ ರೀಡಿಂಗ್ ಎಷ್ಟು ಹಳೆಯದು ಅನ್ನುವುದನ್ನೂ ನೋಡಿ. ಮತ್ತೆ, ಸೆನ್ಸರಿಗೆ ಒಂದು ಬ್ಯಾಟರಿ ಹಾಕಿಸಿ. ನಮ್ಮ ಕಡೆ ಮಳೆ ಬಂದಾಗಲೇ ಅಲ್ವಾ ಕರೆಂಟ್ ಹೋಗುವುದು.